ಸಪೋರ್ಟ್

"ನೂರತೊಂಬತ್ತೆರಡಕ್ಕೆ ಸಪೋರ್ಟ್ ಇದೆಯಾ ಇದಕ್ಕೆ?"
ಕೇಳುತ್ತಲೇ ಒಳಬಂದರು ಶಿವಮಲ್ಲಪ್ಪ,
ಕಂಕುಳಲ್ಲಿ ಟವೆಲು ಸುತ್ತಿದ ಪೆಟ್ಟಿಗೆ,
ಚುಚ್ಚುಮದ್ದಿಗೆ ತಂದ ಕೂಸಿನ ಹಾಗೆ.

ಶಿವರಾಂಪೇಟೆಯ ಹಿಂದಿನ ಓಣಿ, ಒಂಬತ್ತಡಿ ಅಂಗಡಿ.
ಅಬ್ಬ ಇಲ್ಲಿ ರೇಡಿಯೋ ಬಿಚ್ಚುತ್ತಿದ್ದರು.
ನಾನು ಬಿಚ್ಚುವುದು
ಅಂಕಿಯನ್ನು ದನಿ ಮಾಡುವ ಡಬ್ಬಿಗಳನ್ನು.

ಸಪೋರ್ಟ್ ಅಂದರೆ ನನಗೆ
ನಂಜನಗೂಡಿನ ರಸಬಾಳೆ ಗೊನೆಗೆ ಕೊಟ್ಟ
ಕವೆಗೋಲೇ ನೆನಪಾಗುವುದು.
ಕಾಯಿ ಬಲಿಯುವ ಮೊದಲೇ ನೆಲಕ್ಕೆ ಊರಿಕೊಂಡು
ಇನ್ನೂ ಬಾರದ ಭಾರಕ್ಕೆ ಕಾಯುತ್ತದೆ ಅದು.

"ಸಿ.ಡಿ.ಯ ನಲವತ್ತನಾಲ್ಕಕ್ಕೆ ಕೆಂಪು ದೀಪ.
ಎಂಬತ್ತೆಂಟಕ್ಕೆ ಹಳದಿ.
ನೀಲಿಗೆ ಮಾತ್ರ ಟಿಕ್ ಟಿಕ್, ಆಮೇಲೆ ಏನೂ ಇಲ್ಲ.
ದುಡ್ಡು ಕೊಟ್ಟು ಇಳಿಸಿಕೊಂಡ ವೀಣೆ ಕಣಮ್ಮ ಫರ್ಹಾನಾ,
ಇಪ್ಪತ್ತನಾಲ್ಕು ಬಿಟ್ಟಿಂದು. ಮೂಕವಾಗಿ ಕೂತದೆ."

ಮುಚ್ಚಳ ತೆಗೆದೆ.
ಭತ್ತದ ಕಾಳಿನಷ್ಟು ಎರಡು ಹರಳು.
ನಲವತ್ತನಾಲ್ಕರ ಮನೆತನಕ್ಕೆ ತಾಳ ಹಾಕುವುದು ಒಂದು,
ನಲವತ್ತೆಂಟರ ಮನೆತನಕ್ಕೆ ಇನ್ನೊಂದು.
ಹೆಣ್ಣು ಕೊಟ್ಟು ತರುವ ಸಂಬಂಧವಿಲ್ಲ ಎರಡು ಮನೆಗೂ,
ಬಲವಂತಕ್ಕೆ ಬೆಸೆದರೆ ಲೆಕ್ಕದಲ್ಲಿ ಚೂರು ಉಳಿದೇ ಉಳಿಯುತ್ತದೆ.
ಎರಡನೆಯದರ ನಾಡಿ ನಿಂತಿತ್ತು.

ಕಾಯಿಸಿ ಕಿತ್ತು ಹೊಸದನ್ನು ಕೂರಿಸಿದೆ.
ರಾಳದ ಹೊಗೆ ಹಳೇ ಕ್ಯಾಲೆಂಡರಿನವರೆಗೆ ಹೋಗಿ ಬಂತು.

ನೀಲಿ ದೀಪ.
ವೀಣೆ.
ಶಿವಮಲ್ಲಪ್ಪ ಕಣ್ಣು ಮುಚ್ಚಿದರು.
ಮೂವತ್ತನಾಲ್ಕು ವರ್ಷ ರೇಷ್ಮೆ ಕಾರ್ಖಾನೆಯಲ್ಲಿ
ನೂಲು ತಿಕ್ಕಿ ನೋಡಿದ ಹೆಬ್ಬೆರಳು
ತೋರುಬೆರಳ ಮೇಲೆ ತಾನಾಗಿ ಆಡತೊಡಗಿತು.
"ಎಳೆ ಎಳೆಯಾಗಿ ಬರ್ತಾ ಅದೆ.
ಸಿ.ಡಿ.ಯಲ್ಲಿ ಇದು ಇರಲಿಲ್ಲ."

ನನ್ನ ಪರದೆಯ ಮೇಲೆ ಬೇರೆಯೇ ಚಿತ್ರ.
ಇಪ್ಪತ್ತೆರಡು ಸಾವಿರದ ಗೆರೆಗೆ ಬಂದು
ಮಚ್ಚಿನಲ್ಲಿ ಕಡಿದಂತೆ ನಿಂತಿದೆ ವೀಣೆ,
ಅದರ ಮೇಲೆಲ್ಲ ಕಗ್ಗತ್ತಲು.
ಯಾರೋ ಆ ಸಿ.ಡಿ.ಯನ್ನೇ ಹಿಗ್ಗಿಸಿ ಮಾರಿದ್ದಾರೆ.
ಪಾವು ಹಾಲಿಗೆ ಹಂಡೆ.

ಹೇಳಲೋ ಬೇಡವೋ.
ಬೆರಳು ಇನ್ನೂ ಆಡುತ್ತಿತ್ತು.

"ಪೆಟ್ಟಿಗೆ ಪೂರ್ತಿ ಸರಿ ಇದೆ ಸಾರ್.
ಇನ್ನೊಂದು ಹಾಕ್ತೀನಿ, ಕೇಳಿ."
ಹೋದ ತಿಂಗಳು ಮೈಕು ಪರೀಕ್ಷಿಸುವಾಗ
ನೂರತೊಂಬತ್ತೆರಡರಲ್ಲೇ ಹಿಡಿದಿದ್ದೆ
ಈ ಅಂಗಡಿಯ ಬೀಗದ ಕೈಗೊಂಚಲನ್ನು.
ಮೊದಲು ನಲವತ್ತನಾಲ್ಕಕ್ಕೆ ಇಳಿಸಿ ಹಾಕಿದೆ.
ಝಣ್ ಝಣ್.
"ಬೀಗದ ಕೈ," ಎಂದರು.
ಆಮೇಲೆ ಇಳಿಸದೆ, ಹಿಡಿದದ್ದು ಹಿಡಿದ ಹಾಗೆ.
ಝಣ್ ಝಣ್.
"ಅದೇ ಅಲ್ವಾ?"

ಅದೇ. ನನ್ನ ಕಿವಿಗೂ ಅದೇ.
ಆದರೆ ಪಕ್ಕದ ಬೇಕರಿಯ ನಾಯಿ ಬನ್ನು,
ಹೊಸ್ತಿಲಿಗಡ್ಡ ಮಲಗಿ
ವೀಣೆಗೆ ಏಳದ್ದು, ಮೊದಲ ಝಣ್‌ಗೆ ಒಂದು ಕಿವಿ ಮಾತ್ರ ಎತ್ತಿದ್ದು,
ನಲವತ್ತು ಸಾವಿರ ಮುಟ್ಟುವ ನನ್ನ ರಿಬ್ಬನ್ ಟ್ವೀಟರಿನ ಮುಂದೆ
ಎದ್ದು ನಿಂತಿತು, ಬಾಲ ಬೀಸುತ್ತ.
ತೆರೆದೇ ಇದ್ದ ಷಟರನ್ನು ನೋಡಿತು, ನನ್ನನ್ನು ನೋಡಿತು.
ಅದರ ಪಾಲಿಗೆ ಬೆಳಗಿನ ಹತ್ತು ಗಂಟೆ,
ಬೀಗ ತೆಗೆಯುವ ಹೊತ್ತು, ಬಿಸ್ಕತ್ತಿನ ಹೊತ್ತು.

ಶಿವಮಲ್ಲಪ್ಪ ತುಂಬ ಹೊತ್ತು ನಾಯಿಯನ್ನೇ ನೋಡಿದರು.
"ನನ್ನ ವೀಣೆಗೆ ಏಳಲಿಲ್ಲ ಇದು."
ಇಲ್ಲ ಸಾರ್.
"ನಮ್ಮಲ್ಲಿ ಒಂದೆಳೆ ಕಿತ್ತು ಸುಟ್ಟು ನೋಡ್ತಿದ್ವಿ.
ಕೂದಲು ಸುಟ್ಟ ವಾಸನೆ ಬಂದ್ರೆ ಅಸಲು."
ಬೆರಳು ನಿಂತಿತ್ತು.

ನಾನೂರೈವತ್ತು ಕೊಟ್ಟರು, ಚೌಕಾಸಿ ಮಾಡದೆ.
ಟವೆಲು ಕೊಡವಿ ಪೆಟ್ಟಿಗೆಗೆ ಸುತ್ತಿದರು,
ಒಂದು ತುದಿ ಬಿಟ್ಟುಹೋಯಿತೆಂದು ಬಿಚ್ಚಿ ಮತ್ತೆ ಸುತ್ತಿದರು.
ಹೊಸ್ತಿಲು ದಾಟಿದವರು ತಿರುಗಿ,
ಜೇಬಿನಿಂದ ಪೆನ್‌ಡ್ರೈವ್ ತೆಗೆದು ಚಾಚಿದರು:

"ಆ ಬೀಗದ ಕೈ ಸದ್ದು ಇದಕ್ಕೆ ಹಾಕ್ಕೊಡು."

ಬನ್ನು ಇನ್ನೂ ನಿಂತೇ ಇತ್ತು.
ಡಬ್ಬಿಯಲ್ಲಿ ಎರಡೇ ಬಿಸ್ಕತ್ತಿದ್ದವು.